ಸ್ಕಾರ್‌ನ ಹುಬ್ಬು ಎಲ್ಲಿ ಹೋಯ್ತು?

ಚಿಕ್ಕಂದಿನಲ್ಲಿ ನೋಡಿದ ಕಾರ್ಟೂನ್ ಒಂದನ್ನ ಈಗ 'ನಿಜವಾದ' ಸಿನಿಮಾ ಮಾಡ್ತಾರಂತೆ ಅನ್ನೋ ಸುದ್ದಿ ಹಾಸ್ಟೆಲ್ ಗ್ರೂಪಿಗೆ ಬಿತ್ತು ಅಂದ್ಕೊಳ್ಳಿ. ಟ್ರೇಲರ್ ಇನ್ನೂ ಬಂದಿಲ್ಲ, ಬಂದಿರೋದು ಒಂದು ಪೋಸ್ಟರ್ ಮಾತ್ರ. ಐದು ನಿಮಿಷದೊಳಗೆ ತೀರ್ಪು ಹೊರಬೀಳುತ್ತೆ: "ಮುಗೀತು ಗುರು, ಇದನ್ನೂ ಹಾಳ್ ಮಾಡಿದ್ರು." ಸಿನಿಮಾ ನೋಡದೆ ಸಿನಿಮಾ ಹಾಳಾಗಿದೆ ಅನ್ನೋದು ತರ್ಕಕ್ಕೆ ನಿಲ್ಲೋ ಮಾತಲ್ಲ. ಲ್ಯಾಬಲ್ಲಿ ರೀಡಿಂಗ್ ತಗೊಳ್ಳೋಕೆ ಮುಂಚೆ ರಿಸಲ್ಟ್ ಬರೆದ ಹಾಗೆ. ಆದರೂ ವಿಚಿತ್ರ ಏನಂದ್ರೆ, ಇಂಥ ತೀರ್ಪು ಬಹಳ ಸಲ ಸರಿಯಾಗಿರುತ್ತೆ.

ಯಾಕೆ ಸರಿಯಾಗಿರುತ್ತೆ ಅಂತ ನೋಡೋಣ ಅನ್ನಿಸ್ತು. ಮಾಮೂಲಿ ಉತ್ತರ ಒಂದಿದೆ: ಬಾಲ್ಯದ ಮೇಲಿನ ಮೋಹ, ಹಳೇದೆಲ್ಲ ಚಿನ್ನ ಅನ್ನೋ ಭ್ರಮೆ. ಆ ಉತ್ತರದಲ್ಲಿ ಅರ್ಧ ನಿಜ ಇದೆ, ಅದಕ್ಕೆ ಆಮೇಲೆ ಬರೋಣ. ಇನ್ನರ್ಧ ಮಾತ್ರ ಮೋಹಕ್ಕೆ ಸಂಬಂಧಪಟ್ಟಿದ್ದಲ್ಲ. ಕೈಯಲ್ಲಿ ಬಿಡಿಸಿದ ಗೆರೆಯಿಂದ ಆಗೋ ಕೆಲವು ಕೆಲಸ ಕ್ಯಾಮೆರಾದಂಥ ಚಿತ್ರದಿಂದ ಆಗೋದೇ ಇಲ್ಲ. ಆ ಗೆರೆಯನ್ನ ತೆಗೆದು 'ನಿಜವಾದದ್ದು' ಹಾಕಿದಾಗ ಏನೋ ಕಳೆದುಹೋಗುತ್ತೆ. ನಮಗೆ ಅದು ಗೊತ್ತಾಗುತ್ತೆ, ಆದರೆ ಹೆಸರಿಟ್ಟು ಹೇಳೋಕೆ ಬರಲ್ಲ. ಅದಕ್ಕೇ 'ಹಾಳ್ ಮಾಡಿದ್ರು' ಅಂತೀವಿ.

'ದಿ ಲಯನ್ ಕಿಂಗ್' ಇದಕ್ಕೆ ಒಳ್ಳೇ ಉದಾಹರಣೆ. 1994ರಲ್ಲಿ ರೋಜರ್ ಆಲರ್ಸ್ ಮತ್ತು ರಾಬ್ ಮಿಂಕಾಫ್ ನಿರ್ದೇಶನದಲ್ಲಿ ಬಂದ ಕಾರ್ಟೂನು 88 ನಿಮಿಷದ್ದು. 2019ರಲ್ಲಿ ಜಾನ್ ಫಾವ್ರೊ ಅದನ್ನೇ ಮತ್ತೆ ಮಾಡಿದಾಗ 118 ನಿಮಿಷ ಆಯ್ತು. ಕಥೆ ಅದೇ, ಹಾಡುಗಳು ಬಹುತೇಕ ಅವೇ, ಮುಫಾಸಾನ ದನಿ ಕೂಡ ಅದೇ ಜೇಮ್ಸ್ ಅರ್ಲ್ ಜೋನ್ಸ್ ಅವರದ್ದು. ಹೊಸ ಸಿನಿಮಾವನ್ನ ಎಲ್ಲರೂ 'ಲೈವ್ ಆ್ಯಕ್ಷನ್' ಅಂದ್ರು. ಆದರೆ ಅದರಲ್ಲಿ ಲೈವ್ ಅನ್ನೋದು ಏನೂ ಇಲ್ಲ. ಫಾವ್ರೊ ಅವರೇ ಹೇಳಿಕೊಂಡ ಪ್ರಕಾರ ಕಂಪ್ಯೂಟರಲ್ಲಿ ಮಾಡಿದ ಶಾಟ್‌ಗಳು 1,490, ಆಫ್ರಿಕಾದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು ಒಂದೇ ಒಂದು, ಶುರುವಿನಲ್ಲಿ ಬರೋ ಸೂರ್ಯೋದಯ. ಉಳಿದದ್ದಕ್ಕೆ ಗೇಮ್ ಎಂಜಿನ್ ಒಳಗೇ ಒಂದು ಆಫ್ರಿಕಾ ಕಟ್ಟಿ, ತಂಡದವರು ತಲೆಗೆ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಅದರೊಳಗೆ ಓಡಾಡಿ ಕ್ಯಾಮೆರಾ ಎಲ್ಲಿಡಬೇಕು ಅಂತ ತೀರ್ಮಾನ ಮಾಡಿದರು. ಎಂಜಿನಿಯರಿಂಗ್ ಓದೋರಾಗಿ ನಾವು ಇದಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೀಬೇಕು. ಒಂದೊಂದು ಕೂದಲೆಳೆಯ ಮೇಲೆ ಬೆಳಕು ಹೇಗೆ ಬೀಳುತ್ತೆ ಅನ್ನೋ ಲೆಕ್ಕ ಸಣ್ಣ ಕೆಲಸ ಅಲ್ಲ.

ಆದರೆ ಸ್ಕಾರ್‌ನ ಮುಖ ನೋಡಿ. 1994ರ ಸ್ಕಾರ್‌ನನ್ನ ಬಿಡಿಸಿದ ಆಂಡ್ರಿಯಾಸ್ ಡೇಜಾ, ದನಿ ಕೊಟ್ಟ ಜೆರೆಮಿ ಐರನ್ಸ್ ಅವರ ಮುಖದ ಚಹರೆಯನ್ನ ಸಿಂಹದ ಮುಖಕ್ಕೆ ತಂದಿದ್ದರು. ಆ ಸ್ಕಾರ್‌ಗೆ ಹುಬ್ಬಿದೆ. ಒಂದು ಹುಬ್ಬು ಸ್ವಲ್ಪ ಮೇಲೆ ಹೋದರೆ ಸಾಕು, ಇವನು ಎದುರಿಗಿರೋನನ್ನ ತುಚ್ಛವಾಗಿ ನೋಡ್ತಿದ್ದಾನೆ ಅಂತ ಆರು ವರ್ಷದ ಮಗುವಿಗೂ ಗೊತ್ತಾಗುತ್ತೆ. ನಿಜವಾದ ಸಿಂಹಕ್ಕೆ ಅಂಥ ಹುಬ್ಬಿಲ್ಲ. ತುಟಿ ಓರೆ ಮಾಡಿ ನಗೋಕೆ ಬರಲ್ಲ. 2019ರ ತಂಡ 'ನಿಜವಾದ ಸಿಂಹ ಏನು ಮಾಡಬಲ್ಲದೋ ಅಷ್ಟೇ' ಅನ್ನೋ ಗೆರೆ ಹಾಕ್ಕೊಂಡಿತು. ಹಾಕ್ಕೊಂಡ ತಕ್ಷಣ ಮುಖ ಅನ್ನೋ ಚಾನೆಲ್ಲೇ ಬಂದ್ ಆಯ್ತು. ದನಿಯಲ್ಲಿ ಅಳು ಕೇಳುತ್ತೆ, ಮುಖದಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಕಾಣುತ್ತೆ. ಅಪ್ಪ ಸತ್ತು ಬಿದ್ದಿರೋ ದೃಶ್ಯದಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ ಗೊತ್ತಾಗುತ್ತೆ. ಹಳೇ ಸಿಂಬಾನ ಕಣ್ಣು ಅಗಲವಾಗಿ, ಹುಬ್ಬು ನಡುವೆ ಮೇಲೆದ್ದು, ಬಾಯಿ ನಡುಗುತ್ತೆ. ಹೊಸ ಸಿಂಬಾ ಒಂದು ಮುದ್ದಾದ ಸಿಂಹದ ಮರಿ, ಅಷ್ಟೇ.

ಹಾಗಂತ ಹಳಬರಿಗೆ ನಿಜವಾದ ಸಿಂಹ ಹೇಗಿರುತ್ತೆ ಅಂತ ಗೊತ್ತಿರಲಿಲ್ಲ ಅಂದ್ಕೋಬೇಡಿ. 1994ರ ಸಿನಿಮಾಕ್ಕಾಗಿ ಜೀವಂತ ಸಿಂಹವನ್ನೇ ಸ್ಟುಡಿಯೋಗೆ ತರಿಸಿ, ಎದುರಿಗೆ ಕೂತು ಅಭ್ಯಾಸ ಮಾಡಿದ್ದರು. ಸ್ನಾಯು ಎಲ್ಲಿದೆ, ನಡೆಯುವಾಗ ಭುಜ ಹೇಗೆ ಏಳುತ್ತೆ ಎಲ್ಲ ಕಲಿತರು. ಕಲಿತ ಮೇಲೆ ಯಾವುದು ಬೇಕು, ಯಾವುದು ಬೇಡ ಅಂತ ಆರಿಸಿದರು. ಕಾರ್ಟೂನ್ ಅಂದ್ರೆ ಆ ಆಯ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಿಗ್ನಲ್ ಯಾವುದು, ನಾಯ್ಸ್ ಯಾವುದು ಅಂತ ಮೊದಲೇ ಫಿಲ್ಟರ್ ಮಾಡಿಟ್ಟಿರೋ ಚಿತ್ರ. ಅದಕ್ಕೆ ಮತ್ತೆ ಸಾವಿರಾರು ಕೂದಲು, ಧೂಳು, ನೆರಳು ಸೇರಿಸಿದಾಗ ಮಾಹಿತಿ ಜಾಸ್ತಿ ಆಗುತ್ತೆ ನಿಜ. ಆದರೆ ಸಿಗ್ನಲ್ ಜಾಸ್ತಿ ಆಗಲ್ಲ.

ಹಾಡುಗಳ ಕಥೆಯೂ ಹಾಗೇ. ಪುಟ್ಟ ಸಿಂಬಾ ತಾನು ರಾಜ ಆಗೋ ಕನಸಿನ ಹಾಡು ಹಾಡುವಾಗ ಹಳೇ ಸಿನಿಮಾದಲ್ಲಿ ಇಡೀ ಕಾಡಿನ ಬಣ್ಣವೇ ಬದಲಾಗುತ್ತೆ. ಕಡುಗೆಂಪು, ಹಳದಿ, ನೀಲಿ ಪಟ್ಟೆಗಳು, ಒಂದರ ಮೇಲೊಂದು ಹತ್ತಿ ಗೋಪುರ ಕಟ್ಟೋ ಪ್ರಾಣಿಗಳು. ಆನೆ, ಜಿರಾಫೆ ಹಾಗೆ ಹತ್ತಲ್ಲ ಅಂತ ಯಾರಿಗೆ ಗೊತ್ತಿಲ್ಲ? ಅದು ಕಾಡಲ್ಲ, ಮಗುವಿನ ತಲೆಯೊಳಗಿನ ಕಾಡು. ಹೊಸ ಸಿನಿಮಾದಲ್ಲಿ ಮರಿಗಳು ನೀರಿನ ಹತ್ತಿರ ಇರೋ ಪ್ರಾಣಿಗಳ ಮಧ್ಯೆ ಓಡ್ತವೆ. ಅಷ್ಟೇ ಮಾಡೋಕೆ ಸಾಧ್ಯ, ಯಾಕಂದ್ರೆ ಭೌತಶಾಸ್ತ್ರದ ನಿಯಮ ಮುರಿದರೆ 'ನಿಜ' ಅನ್ನೋ ಭ್ರಮೆ ಒಡೆದುಹೋಗುತ್ತೆ. ಸ್ಕಾರ್‌ನ ಹಾಡನ್ನ ಮೊಟಕು ಮಾಡಿ ಅರ್ಧ ಮಾತಿನ ಥರ ಮಾಡಿದ್ದಾರೆ. ರಾತ್ರಿಯ ಪ್ರೇಮಗೀತೆಯನ್ನ ಹಾಡುಹಗಲಲ್ಲಿ ಇಟ್ಟಿದ್ದಾರೆ. ಇದು ಯಾಕೋ ನಮಗೆ ಇವತ್ತಿಗೂ ಅರ್ಥ ಆಗಿಲ್ಲ.

ನಮ್ಮ ಕಡೆ ಇದು ಹೊಸ ವಿಷಯವೇನಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ ಮುಖದ ತುಂಬ ಅಕ್ಕಿ ಹಿಟ್ಟಿನ ಚುಟ್ಟಿ, ಕೆಂಪು ಕಪ್ಪು ಗೆರೆ. ಅಂಥ ಮುಖದ ಮನುಷ್ಯ ಭೂಮಿ ಮೇಲಿಲ್ಲ. ಆದರೂ ಹಿಂದಿನ ಸಾಲಲ್ಲಿ ಕೂತ ಅಜ್ಜಿಗೂ ಬಂದವನು ರಾಕ್ಷಸ ಅಂತ ಆ ಕ್ಷಣವೇ ಗೊತ್ತು. ನಾಳೆ ಯಾರಾದ್ರೂ ಬಂದು 'ಚುಟ್ಟಿ ಬೇಡ, ನಿಜವಾದ ರಾಕ್ಷಸನ ಥರ ಕಾಣೋ ಮೇಕಪ್ ಮಾಡ್ತೀವಿ' ಅಂದ್ರೆ ಮೇಳದವರು ನಗ್ತಾರೆ. ತೊಗಲುಗೊಂಬೆಯ ಹತ್ತು ತಲೆ ರಾವಣನಿಗೆ ನಿಜವಾದ ಚರ್ಮ ಇಲ್ಲ ಅಂತ ಯಾರೂ ದೂರು ಕೊಟ್ಟಿಲ್ಲ. ಕಾರ್ಟೂನಿನ ವಿಷಯದಲ್ಲಿ ಮಾತ್ರ ಅದು ಮಕ್ಕಳದ್ದು, ಅರ್ಧಂಬರ್ಧ, ಮುಂದೊಂದು ದಿನ ತಂತ್ರಜ್ಞಾನ ಬಂದು ಪೂರ್ತಿ ಮಾಡುತ್ತೆ ಅನ್ನೋ ನಂಬಿಕೆ ಹೇಗೋ ಬೆಳೆದುಬಿಟ್ಟಿದೆ. ರೀಮೇಕ್ ಬಗ್ಗೆ ಅಭಿಮಾನಿಗಳಿಗೆ ಇರೋ ಸಿಟ್ಟಿನ ಬೇರು ಇಲ್ಲೇ ಇದೆ ಅಂತ ನಮಗನ್ನಿಸುತ್ತೆ. 'ನೀವು ಪ್ರೀತಿಸಿದ್ದು ಬರೀ ರಫ್ ಕಾಪಿ, ಫೇರ್ ಕಾಪಿ ಈಗ ಬರ್ತಿದೆ' ಅಂದ ಹಾಗಿರುತ್ತೆ ಪ್ರತಿ ಟ್ರೇಲರೂ.

ನಿಜಕ್ಕೆ ತೀರಾ ಹತ್ತಿರ ಹೋದರೆ ಇನ್ನೊಂದು ಅಪಾಯ ಇದೆ. ಅದನ್ನ ಹೇಳಿದ್ದು ಸಿನಿಮಾದವರಲ್ಲ, ರೋಬೋ ಮಾಡೋರು. ಟೋಕಿಯೋದ ಪ್ರೊಫೆಸರ್ ಮಸಾಹಿರೊ ಮೋರಿ 1970ರಲ್ಲಿ ಒಂದು ಗ್ರಾಫ್ ಬರೆದರು. ರೋಬೋ ಮನುಷ್ಯನ ಹಾಗೆ ಕಾಣ್ತಾ ಹೋದಷ್ಟೂ ನಮಗೆ ಇಷ್ಟ ಆಗ್ತಾ ಹೋಗುತ್ತೆ. ಆದರೆ ಬಹುತೇಕ ಮನುಷ್ಯನೇ, ಸ್ವಲ್ಪ ಮಾತ್ರ ಅಲ್ಲ ಅನ್ನೋ ಹಂತಕ್ಕೆ ಬಂದಾಗ ಆ ಇಷ್ಟ ದಢಾರಂತ ಕೆಳಗೆ ಬಿದ್ದು ಹೇಸಿಗೆ ಶುರುವಾಗುತ್ತೆ. ಅದನ್ನೇ 'ಅನ್‌ಕ್ಯಾನಿ ವ್ಯಾಲಿ' ಅಂತಾರೆ. ಕಂದಕ ಅನ್ನಬಹುದು. ಆ ವಸ್ತು ಚಲಿಸೋಕೆ ಶುರು ಮಾಡಿದರೆ ಕಂದಕ ಇನ್ನೂ ಆಳ. ಈ ಗ್ರಾಫ್ ಎಲ್ಲರಿಗೂ ಗೊತ್ತು, ಆದರೆ ಅದರ ಜೊತೆ ಮೋರಿ ಕೊಟ್ಟ ಸಲಹೆಯನ್ನ ಯಾರೂ ಹೇಳಲ್ಲ: ಎರಡನೇ ಶಿಖರಕ್ಕೆ ಹಾರೋ ಸಾಹಸ ಬೇಡ, ಕಂದಕಕ್ಕಿಂತ ಮುಂಚೆ ಇರೋ ಮೊದಲ ಶಿಖರದ ಮೇಲೆ ನಿಲ್ಲೋ ಥರ ವಿನ್ಯಾಸ ಮಾಡಿ. ಒಳ್ಳೇ ಕಾರ್ಟೂನುಗಳೆಲ್ಲ ಆ ಮೊದಲ ಶಿಖರದ ಮೇಲೇ ಮನೆ ಕಟ್ಟಿಕೊಂಡು ಹಾಯಾಗಿವೆ.

ಆ ಶಿಖರದಿಂದ ಒಬ್ಬನನ್ನ ಕೆಳಗೆ ತಳ್ಳಿದ ಕಥೆ ಸಾನಿಕ್‌ನದ್ದು. ಮೂಲತಃ ಆತ 1991ರ ವಿಡಿಯೋ ಗೇಮಿನ ನೀಲಿ ಮುಳ್ಳುಹಂದಿ, ಆಮೇಲೆ ಕಾರ್ಟೂನ್ ಸರಣಿಗಳೂ ಬಂದವು. 2019ರ ಏಪ್ರಿಲ್ 30ಕ್ಕೆ ಸಿನಿಮಾದ ಟ್ರೇಲರ್ ಬಂತು. ಕಾರ್ಟೂನಿನಲ್ಲಿ ಎರಡೂ ಕಣ್ಣಿನ ಬಿಳಿ ಭಾಗ ಒಂದಕ್ಕೊಂದು ಕೂಡಿಕೊಂಡಿರುತ್ತೆ, ಇಲ್ಲಿ ಎರಡು ಪುಟ್ಟ ಬೇರೆ ಬೇರೆ ಕಣ್ಣು. ಕೈಗೆ ಗ್ಲೌಸ್ ಇಲ್ಲ, ಬಿಳಿ ಕೂದಲಿನ ಕೈ. ಕಾಲು ಮನುಷ್ಯನ ಕಾಲಿನ ಅಳತೆಗೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿ ತೆರೆದರೆ ಸಾಲಾಗಿ ಮನುಷ್ಯರ ಹಲ್ಲು. ಆ ಹಲ್ಲು ನೋಡಿದವರು ಮರೆಯೋದು ಕಷ್ಟ.

ಜಗತ್ತಿನಾದ್ಯಂತ ಬೈಗುಳ ಬಿತ್ತು. ಎರಡೇ ದಿನದಲ್ಲಿ ನಿರ್ದೇಶಕ ಜೆಫ್ ಫೌಲರ್ ವಿನ್ಯಾಸ ಬದಲಾಯಿಸ್ತೀವಿ ಅಂದರು. 2019ರ ನವೆಂಬರಿಗೆ ಬರಬೇಕಿದ್ದ ಸಿನಿಮಾ 2020ರ ಫೆಬ್ರುವರಿ 14ಕ್ಕೆ ಹೋಯ್ತು. ಸಾನಿಕ್‌ನ ಚಿತ್ರಕಥೆ ಪುಸ್ತಕಗಳಿಗೆ ಚಿತ್ರ ಬರೆದು ಅಭ್ಯಾಸ ಇದ್ದ ಟೈಸನ್ ಹೆಸ್ ಹೊಸ ವಿನ್ಯಾಸದ ಮುಂದಾಳತ್ವ ವಹಿಸಿದರು. ಕಣ್ಣು ದೊಡ್ಡದಾಯ್ತು, ಗ್ಲೌಸ್ ವಾಪಸ್ ಬಂತು, ಹಲ್ಲು ಕಮ್ಮಿ ಆಯ್ತು. ಸಿನಿಮಾ ಗೆದ್ದಿತು, ಎರಡನೇ, ಮೂರನೇ ಭಾಗ ಕೂಡ ಬಂದವು. ಅಭಿಮಾನಿಗಳ ಅನುಮಾನ ಕೆಲಸಕ್ಕೆ ಬಂದ ಅಪರೂಪದ ಪ್ರಸಂಗ ಇದು. ಯಾಕೆ ಬಂತು ಅಂದ್ರೆ ಆ ಬೈಗುಳದೊಳಗೆ ಒಂದು ಬಗ್ ರಿಪೋರ್ಟ್ ಇತ್ತು. ನಮ್ಮ ಬಾಲ್ಯ ಹಾಳಾಯ್ತು ಅಂತ ಮಾತ್ರ ಕೂಗಿದ್ದರೆ ಯಾರೂ ಏನೂ ಮಾಡೋಕಾಗ್ತಿರಲಿಲ್ಲ. ಕಣ್ಣು ಹೀಗಿದೆ, ಹಲ್ಲು ಹಾಗಿದೆ ಅಂತ ಬೊಟ್ಟಿಟ್ಟು ತೋರಿಸಿದ್ದಕ್ಕೆ ತಿದ್ದಲಾಯ್ತು.

ಇಲ್ಲಿಗೆ ಬಿಟ್ಟರೆ ಅಭಿಮಾನಿಗಳ ವಿಜಯಗಾಥೆ ಆಗುತ್ತೆ. ಆದರೆ ತಿದ್ದಿದವರು ಯಾರು? ಮಾಡಿ ಮುಗಿಸಿದ್ದನ್ನ ಮತ್ತೆ ಮಾಡೋಕೆ ಕೂತವರು ವಿಎಫ್‌ಎಕ್ಸ್ ಕಲಾವಿದರು. ಆ ಕೆಲಸದಲ್ಲಿದ್ದ ಎಂಪಿಸಿ ಸಂಸ್ಥೆಯ ವ್ಯಾಂಕೂವರ್ ಶಾಖೆ 2019ರ ಡಿಸೆಂಬರಿನಲ್ಲಿ ಮುಚ್ಚಿತು, ಅಂದ್ರೆ ಸಿನಿಮಾ ತೆರೆಗೆ ಬರೋಕೂ ಮುಂಚೆ. ಸಾನಿಕ್‌ನಿಂದಲೇ ಮುಚ್ಚಿತು ಅಂತ ನಾವು ಹೇಳ್ತಿಲ್ಲ, ಸಂಸ್ಥೆ ಮಾರುಕಟ್ಟೆಯ ಒತ್ತಡದ ಕಾರಣ ಕೊಟ್ಟಿತ್ತು. ಆದರೆ ಗೆದ್ದ ಖುಷಿಯಲ್ಲಿ ನಾವು ಟ್ರೇಲರ್ ಶೇರ್ ಮಾಡ್ತಿದ್ದಾಗ ಅದರ ಹಿಂದಿನ ಕೆಲವರು ಕೆಲಸ ಹುಡುಕ್ತಿದ್ದರು.

ಇದು ದೂರದ ಕೆನಡಾದ ಕಥೆ ಅಂದ್ಕೋಬೇಡಿ. 2016ರ 'ದಿ ಜಂಗಲ್ ಬುಕ್' ಮತ್ತು 2019ರ 'ಲಯನ್ ಕಿಂಗ್' ಎರಡರಲ್ಲೂ ಇದೇ ಎಂಪಿಸಿಯ ಬೆಂಗಳೂರು ಶಾಖೆ ಕೆಲಸ ಮಾಡಿದೆ. 'ಜಂಗಲ್ ಬುಕ್'ಗೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಶೇರ್ ಖಾನ್ ಕಾಣಿಸೋ ಸಿನಿಮಾದ ಕೊನೆಯ ಹೆಸರುಗಳ ಪಟ್ಟಿ ಓಡುವಾಗ ಎದ್ದು ಹೊರಡದೆ ಕೂತಿದ್ದರೆ ನಮ್ಮೂರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. 2025ರ ಫೆಬ್ರುವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಭಾರತದ ಕಚೇರಿಗಳಲ್ಲೂ ಸಾವಿರಾರು ಜನ ಒಮ್ಮೆಲೇ ಕೆಲಸ ಕಳಕೊಂಡರು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದ್ದು. ಗ್ರಾಫಿಕ್ಸ್ ಎಲೆಕ್ಟಿವ್ ತಗೊಂಡು ಆ ಕಡೆ ಹೋಗೋ ಆಸೆ ಇರೋರು ನಮ್ಮ ನಡುವೆಯೂ ಇದ್ದಾರೆ. ಆದ್ದರಿಂದ 'ಸಿಜಿಐ ದರಿದ್ರ' ಅಂತ ಒಂದೇ ಮಾತಲ್ಲಿ ಬರೆದುಬಿಡೋಕೆ ಮುಂಚೆ ಸ್ವಲ್ಪ ಯೋಚಿಸಬೇಕು. ಸ್ಕಾರ್‌ನ ಹುಬ್ಬು ತೆಗೆಯೋ ನಿರ್ಧಾರ ರೆಂಡರ್ ಮಾಡಿದವರದ್ದಲ್ಲ. ಅವರು ಕೊಟ್ಟ ಸ್ಪೆಕ್ ಪ್ರಕಾರ ಕೆಲಸ ಮಾಡಿದ್ದಾರೆ, ಅದನ್ನ ಅದ್ಭುತವಾಗಿಯೇ ಮಾಡಿದ್ದಾರೆ. ತಪ್ಪಿದ್ದು ಸ್ಪೆಕ್.

ಮುಖದ ವಿಷಯ ಇಷ್ಟಾಯ್ತು. ಇನ್ನು ಕಾಲದ ವಿಷಯ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಕಾರ್ಟೂನ್ 2005ರಿಂದ 2008ರವರೆಗೆ 61 ಕಂತುಗಳಲ್ಲಿ ಬಂತು. ನೀಲಿ ಬಣ್ಣದವರ 'ಅವತಾರ್' ಅಲ್ಲ, ತಲೆ ಮೇಲೆ ಬಾಣದ ಗುರುತಿರೋ ಹುಡುಗನದ್ದು. 2010ರಲ್ಲಿ ಎಂ. ನೈಟ್ ಶ್ಯಾಮಲನ್ ಅದರ ಮೊದಲ ಭಾಗವನ್ನ ಸಿನಿಮಾ ಮಾಡಿದರು. ಮೊದಲ ಭಾಗದಲ್ಲಿ 20 ಕಂತು, ಕಂತಿಗೆ ಹೆಚ್ಚುಕಮ್ಮಿ 23 ನಿಮಿಷ, ಒಟ್ಟು 460 ನಿಮಿಷ. ಸಿನಿಮಾ 103 ನಿಮಿಷ. ನಾಲ್ಕೂವರೆ ಪಟ್ಟು ಕಂಪ್ರೆಷನ್. ಇಷ್ಟು ಒತ್ತಿದರೆ ಏನಾದರೂ ಬಿಡಲೇಬೇಕು, ಪ್ರಶ್ನೆ ಏನನ್ನ ಬಿಟ್ಟರು ಅನ್ನೋದು. ಇಲ್ಲಿ ಬಿಟ್ಟದ್ದು ನಗು, ಹುಡುಗರ ತರಲೆ, ದಾರಿಯಲ್ಲಿ ಸುಮ್ಮನೆ ಕಳೆದ ಹೊತ್ತು. ಉಳಿಸಿಕೊಂಡದ್ದು ಘಟನೆಗಳ ಪಟ್ಟಿ. ಪರೀಕ್ಷೆ ಹಿಂದಿನ ರಾತ್ರಿ ಓದೋ ನೋಟ್ಸ್ ಥರ, ಪಾಯಿಂಟ್ ಎಲ್ಲ ಇದೆ, ವಿಷಯ ಇಲ್ಲ. ನಾಯಕ ಪಾತ್ರಗಳಿಗೆ ಬಿಳಿಯ ನಟರನ್ನ ಹಾಕಿ, ಬೆಂಕಿ ರಾಷ್ಟ್ರದ ವಿರೋಧಿಗಳಿಗೆ ದೇವ್ ಪಟೇಲ್ ಥರದ ಭಾರತೀಯ ಮೂಲದವರನ್ನ ಹಾಕಿದ್ದು ಬೇರೆಯೇ ಗಲಾಟೆ. ಪೂರ್ವ ಏಷ್ಯಾದ ಲೋಕ ಅಂತ ಎದ್ದು ಕಾಣೋ ಕಥೆ ಅದು. ನಾಯಕನ ಹೆಸರಿನ ಉಚ್ಚಾರಣೆಯನ್ನೂ ಬಿಡಲಿಲ್ಲ, 'ಆ್ಯಂಗ್' ಹೋಗಿ 'ಆಂಗ್' ಆದ.

ನಮಗೆ ಅತಿ ಹೆಚ್ಚು ಸಿಟ್ಟು ತರಿಸೋದು ಒಂದೇ ಒಂದು ದೃಶ್ಯ. ಮಣ್ಣು, ಕಲ್ಲುಗಳನ್ನ ಮನಸ್ಸಿನಂತೆ ಆಡಿಸಬಲ್ಲ ಜನರನ್ನ ಶತ್ರುಗಳು ಸೆರೆಯಲ್ಲಿ ಇಟ್ಟಿರ್ತಾರೆ. ಕಾರ್ಟೂನಿನಲ್ಲಿ ಆ ಸೆರೆಮನೆ ಸಮುದ್ರದ ಮಧ್ಯೆ, ಪೂರ್ತಿ ಲೋಹದ್ದು. ಸುತ್ತ ಮಣ್ಣೇ ಇಲ್ಲ, ಅದಕ್ಕೇ ಅವರು ಅಸಹಾಯಕರು. ಎಷ್ಟು ಸರಳ, ಎಷ್ಟು ಜಾಣ ಲೆಕ್ಕ! ಸಿನಿಮಾದಲ್ಲಿ ಅದೇ ಜನರನ್ನ ನೆಲದ ಮೇಲೆ, ಕಲ್ಲು ಮಣ್ಣಿನ ಮಧ್ಯೆಯೇ ಕೂಡಿಹಾಕಿದ್ದಾರೆ. ಆಯುಧದ ರಾಶಿ ಪಕ್ಕದಲ್ಲಿಟ್ಟು ಕೈದಿಗಳನ್ನ ಕಾಯೋ ಹಾಗೆ. ಇದಕ್ಕೆ ಬಜೆಟ್ ಕಾರಣ ಅಲ್ಲ, ಸಮಯ ಕಾರಣ ಅಲ್ಲ. ಲೋಹದ ಸೆರೆಮನೆ ಯಾಕಿತ್ತು ಅಂತ ಯಾರೂ ಕೇಳಲಿಲ್ಲ, ಅಷ್ಟೇ. ಮಕ್ಕಳ ಕಾರ್ಟೂನಿನಲ್ಲಿ ಅಂಥ ತರ್ಕ ಇರಬಹುದು ಅಂತ ಅನ್ನಿಸಲೇ ಇಲ್ಲ ಅಂತ ಕಾಣುತ್ತೆ. ಬೇರೆಯವರು ಬರೆದ ಕೋಡಿನಲ್ಲಿ ಒಂದು ಸಾಲು ಬೇಡ ಅನ್ನಿಸಿ ಡಿಲೀಟ್ ಮಾಡಿದ ಮೇಲೆ ಇಡೀ ಪ್ರೋಗ್ರಾಂ ಕುಸಿಯೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲ ಹೇಳಿ.

'ಮೂಲ ಸೃಷ್ಟಿಕರ್ತರನ್ನ ಸೇರಿಸಿಕೊಂಡರೆ ಎಲ್ಲ ಸರಿ ಹೋಗುತ್ತೆ' ಅಂತ ಒಂದು ವಾದ ಇದೆ. 'ಏರ್‌ಬೆಂಡರ್' ವಿಷಯದಲ್ಲಿ ಅಭಿಮಾನಿಗಳು ಇದನ್ನ ಬಲವಾಗಿ ನಂಬಿದರು. 2024ರ ನೆಟ್‌ಫ್ಲಿಕ್ಸ್ ಸರಣಿಯಿಂದ ಮೂಲ ಸೃಷ್ಟಿಕರ್ತರಿಬ್ಬರೂ 2020ರಲ್ಲೇ ಹೊರನಡೆದಾಗ ಅನುಮಾನ ದುಪ್ಪಟ್ಟಾಯ್ತು. ಆದರೆ ಈ ವಾದಕ್ಕೆ ನಮ್ಮ ದೇಶದಲ್ಲೇ ಉತ್ತರ ಇದೆ, ಢೋಲಕ್‌ಪುರದಲ್ಲಿ. 'ಛೋಟಾ ಭೀಮ್' 2008ರಲ್ಲಿ ಪೋಗೋದಲ್ಲಿ ಶುರುವಾಯ್ತು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ ಅದರ ಸೃಷ್ಟಿಕರ್ತ. 2012ರಲ್ಲಿ 'ಕರ್ಸ್ ಆಫ್ ದಮ್ಯಾನ್' ಅಂತ ಅನಿಮೇಷನ್ ಸಿನಿಮಾ ಬಂತು. ಅದನ್ನೇ 2024ರ ಮೇ 31ಕ್ಕೆ ನಿಜ ನಟರ ಸಿನಿಮಾ ಮಾಡಿ ಬಿಟ್ಟರು, ಯಜ್ಞ ಭಾಸಿನ್ ಭೀಮ್ ಆಗಿ, ಅನುಪಮ್ ಖೇರ್ ಗುರುವಾಗಿ. ನಿರ್ದೇಶಕರು ಬೇರೆ ಯಾರೂ ಅಲ್ಲ, ಚಿಲಕ ಅವರೇ. ಆದರೂ ಸಿನಿಮಾ ಓಡಲಿಲ್ಲ.

ಕಾರಣ ಹುಡುಕೋಕೆ ತುಂಬ ದೂರ ಹೋಗಬೇಕಿಲ್ಲ, ಲಡ್ಡು ಸಾಕು. ಚಿತ್ರದ ಭೀಮ್ ಲಡ್ಡು ಬಾಯಿಗೆ ಹಾಕಿದ ತಕ್ಷಣ ಬಲ ಬರುತ್ತೆ, ತನಗಿಂತ ನಾಲ್ಕು ಪಟ್ಟು ದೊಡ್ಡವನನ್ನ ಎತ್ತಿ ಒಗೀತಾನೆ. ಆ ಲೋಕದಲ್ಲಿ ಎಲ್ಲವೂ ಚಪ್ಪಟೆ, ಎಲ್ಲವೂ ಅದೇ ಗೆರೆಯಲ್ಲಿ ಬಿಡಿಸಿದ್ದು, ಹಾಗಾಗಿ ಯಾರೂ ಪ್ರಶ್ನೆ ಕೇಳಲ್ಲ. ಅದೇ ಕೆಲಸ ನಮ್ಮ ಪಕ್ಕದ ಮನೆ ಹುಡುಗನ ಥರ ಇರೋ ನಿಜವಾದ ಬಾಲಕ ಮಾಡಿದರೆ, ಈ ಸಕ್ಕರೆ ಉಂಡೆಯಲ್ಲಿ ಅಂಥದ್ದೇನಿದೆ ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ. ಸೃಷ್ಟಿಕರ್ತನೇ ನಿಂತು ಮಾಡಿದರೂ ಈ ಪ್ರಶ್ನೆ ಹೋಗಲ್ಲ.

ಇದಕ್ಕೆ ಎದುರಾಗಿ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ಇಡಬಹುದು. 2010ರ ಕಾರ್ಟೂನಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೀನ್ ಡಿಬ್ಲೋ 2025ರಲ್ಲಿ ಅದನ್ನೇ ನಟರನ್ನ ಹಾಕಿ ಮಾಡಿದರು, ಅದು ಚೆನ್ನಾಗಿ ಓಡಿತು. ಸೃಷ್ಟಿಕರ್ತ ಇದ್ದಿದ್ದಕ್ಕೆ ಗೆದ್ದಿತು ಅನ್ನೋಕೆ ಮುಂಚೆ ಟೂತ್‌ಲೆಸ್ ಅನ್ನೋ ಕಪ್ಪು ಡ್ರ್ಯಾಗನ್‌ನ ಮುಖ ನೋಡಿ. ದೊಡ್ಡ ಹಸಿರು ಕಣ್ಣು, ಅಗಲ ಬಾಯಿ, ಬೆಕ್ಕಿನ ಥರ ನೋಟ. ಅದನ್ನ ಹೆಚ್ಚುಕಮ್ಮಿ ಹಾಗೇ ಉಳಿಸಿಕೊಂಡರು. 'ನಿಜವಾದ ಡ್ರ್ಯಾಗನ್' ಅಂತ ಒಂದು ಇಲ್ಲವಲ್ಲ, ಹೋಲಿಸೋಕೆ! ಸಿಂಹಕ್ಕೆ ಇದ್ದ ತೊಂದರೆ ಅದಕ್ಕಿರಲಿಲ್ಲ. ಜೊತೆಗೆ ಮೂಲ ಚಿತ್ರವೇ ಕಂಪ್ಯೂಟರಿನ ಮೂರು ಆಯಾಮದ್ದು, ದಾಟಬೇಕಾದ ದೂರ ಕಮ್ಮಿ. ಆದರೆ ಅಷ್ಟು ಹತ್ತಿರ ಇದ್ದದ್ದನ್ನ ಮತ್ತೆ ಯಾಕೆ ಮಾಡಬೇಕಿತ್ತು ಅನ್ನೋ ಪ್ರಶ್ನೆ ಬೇರೆ.

ಈಗ ಬಾಲ್ಯದ ಮೋಹದ ಆ ಅರ್ಧಕ್ಕೆ ಬರೋಣ. 2016ರ 'ಜಂಗಲ್ ಬುಕ್' ಡಿಸ್ನಿಯವರು ತಮ್ಮ 1967ರ ಕಾರ್ಟೂನಿನಿಂದ ಮಾಡಿದ್ದು. ಆದರೆ ಇಲ್ಲಿ ಥಿಯೇಟರಿಗೆ ಓಡಿದ ನಮ್ಮ ಅಣ್ಣ ಅಕ್ಕಂದಿರಲ್ಲಿ 1967ರದ್ದನ್ನ ನೋಡಿದವರು ಎಷ್ಟು ಜನ? ಅವರ ಮನಸ್ಸಲ್ಲಿದ್ದ ಮೋಗ್ಲಿ 90ರ ದಶಕದ ಭಾನುವಾರಗಳಲ್ಲಿ ದೂರದರ್ಶನದಲ್ಲಿ ಬಂದವನು. ಅದು ಜಪಾನಿನಲ್ಲಿ ತಯಾರಾದ ಅನಿಮೆ, ಇಲ್ಲಿ ಹಿಂದಿಗೆ ಡಬ್ ಆಗಿತ್ತು. ಗುಲ್ಜಾರ್ ಬರೆದ, ವಿಶಾಲ್ ಭಾರದ್ವಾಜ್ ಸಂಗೀತದ ಶೀರ್ಷಿಕೆ ಹಾಡು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಡಿಸ್ನಿಯವರಿಗೆ ಇದು ಗೊತ್ತಿತ್ತು. ಹಿಂದಿ ಆವೃತ್ತಿಗೆ ಮತ್ತೆ ನಾನಾ ಪಾಟೇಕರ್ ಅವರನ್ನೇ ಕರೆಸಿದರು, ಆ ಹಳೇ ಹಾಡನ್ನ ಪ್ರಚಾರಕ್ಕೆ ಹೊಸದಾಗಿ ಮಾಡಿಸಿದರು, ಅಮೆರಿಕಕ್ಕಿಂತ ಒಂದು ವಾರ ಮುಂಚೆ ಇಲ್ಲಿ ಬಿಡುಗಡೆ ಮಾಡಿದರು. ಅಂದ್ರೆ ಒಬ್ಬರ ಕಾರ್ಟೂನಿನ ನೆನಪು ತೋರಿಸಿ ಇನ್ನೊಂದು ಕಾರ್ಟೂನಿನ ರೀಮೇಕ್ ಮಾರಿದರು. ಇದು ಮೋಸ ಅಂತ ಯಾರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲ್ಲ. ಕಿಪ್ಲಿಂಗ್ 1894ರಲ್ಲಿ ಬರೆದ ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ ಇಂಗ್ಲಿಷಿನಿಂದ ಜಪಾನಿಗೆ ಹೋಗಿ, ಹಿಂದಿಯಾಗಿ ನಮ್ಮ ಮನೆ ಟಿವಿಗೆ ಬಂದಿತ್ತು. ಆ 'ಒರಿಜಿನಲ್' ಕೂಡ ಒಂದು ರೀಮೇಕೇ.

ನಮ್ಮ ಪೀಳಿಗೆಯದ್ದೂ ಅದೇ ಕಥೆ. ಡೋರೆಮಾನ್‌ನ ತಾಯ್ನುಡಿ ಹಿಂದಿ ಅಂತಲೇ ನಾವು ಎಷ್ಟೋ ವರ್ಷ ನಂಬಿದ್ದೆವು. ಚಿಂಟು ಟಿವಿ ನೋಡಿ ಬೆಳೆದವರಿಗೆ ಅದೇ ಥರದ ಪಾತ್ರಗಳು ಅಚ್ಚ ಕನ್ನಡದಲ್ಲಿ ಮಾತಾಡ್ತಿದ್ದವು. ಇವರಿಬ್ಬರಲ್ಲಿ ಯಾರ ನೆನಪು ಅಸಲಿ? ಆದ್ದರಿಂದ ಒಂದು ಅಕ್ಷರವೂ ಬದಲಾಗಬಾರದು ಅನ್ನೋ ಹಟ ನಮಗೆ ಒಪ್ಪಿಗೆಯಾಗಲ್ಲ. ದನಿ ಬದಲಾಯ್ತು, ಭಾಷೆ ಬದಲಾಯ್ತು, ಆದರೂ ಪಾತ್ರ ಉಳಿಯಿತು, ಯಾಕಂದ್ರೆ ಮುಖ ಉಳಿದಿತ್ತು, ಗೆರೆ ಉಳಿದಿತ್ತು. ಮತ್ತೆ ಅದೇ ಹುಬ್ಬಿಗೆ ಬಂದು ನಿಂತೆವು ನೋಡಿ.

ಇಷ್ಟೆಲ್ಲ ಅನುಮಾನ ಇದ್ದರೂ ಇವನ್ನ ಯಾಕೆ ಮಾಡ್ತಾನೇ ಇದ್ದಾರೆ? ಉತ್ತರ ಚಿಕ್ಕದು. 2010ರ 'ಆಲಿಸ್ ಇನ್ ವಂಡರ್‌ಲ್ಯಾಂಡ್' ನೂರು ಕೋಟಿ ಡಾಲರ್ ದಾಟಿತು, ದಾರಿ ಗೊತ್ತಾಯ್ತು. ನಾವು ಇಲ್ಲಿ ಕೂತು ಬೈತಿರೋ 2019ರ 'ಲಯನ್ ಕಿಂಗ್' 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2025ರಲ್ಲಿ 'ಸ್ನೋ ವೈಟ್' ಮುಗ್ಗರಿಸಿತು, ಅದೇ ವರ್ಷ 'ಲಿಲೋ ಆ್ಯಂಡ್ ಸ್ಟಿಚ್' ಮತ್ತೆ ನೂರು ಕೋಟಿ ದಾಟಿತು. ಹೊಸ ಕಥೆಗೆ ಜನರನ್ನ ಮೊದಲು ಪರಿಚಯ ಮಾಡಿಸಬೇಕು, ಹಳೇ ಕಥೆಗೆ ಪೋಸ್ಟರ್ ಸಾಕು. ನಮ್ಮ ಬೈಗುಳ ಕೂಡ ಪೋಸ್ಟರ್ ಹಂಚೋ ಕೆಲಸವನ್ನೇ ಮಾಡುತ್ತೆ. ಬೈದು, ಆಮೇಲೆ 'ಎಷ್ಟು ಕೆಟ್ಟದಾಗಿದೆ ನೋಡೋಣ' ಅಂತ ಟಿಕೆಟ್ ತಗೊಂಡು ಹೋಗೋರು ನಾವೇ ತಾನೆ?

ಕಾಸಿನ ಈ ಲೆಕ್ಕಕ್ಕಿಂತ ನಮ್ಮನ್ನ ಕಾಡೋದು ಬೇರೆ. ಸ್ಕಾರ್‌ನನ್ನ ಬಿಡಿಸಿದ ಆ ಡಿಸ್ನಿ ಸ್ಟುಡಿಯೋ 2011ರ 'ವಿನ್ನಿ ದ ಪೂ' ಆದಮೇಲೆ ಪೂರ್ತಿ ಕೈಯಲ್ಲಿ ಬಿಡಿಸಿದ ಒಂದೇ ಒಂದು ದೊಡ್ಡ ಸಿನಿಮಾವನ್ನೂ ಮಾಡಿಲ್ಲ. ಹಳೇ ಸಿನಿಮಾಗಳು ಎಲ್ಲಿಗೂ ಹೋಗಿಲ್ಲ, ಬೇಕಾದಾಗ ನೋಡಬಹುದು, ಹಾಗಾಗಿ ಯಾರೂ ನಮ್ಮ ಬಾಲ್ಯವನ್ನ ಕಸಿದುಕೊಂಡಿಲ್ಲ. ನಿಂತುಹೋಗಿರೋದು ಆ ಕಸುಬಿಗೆ ಅಲ್ಲಿ ಸಿಗ್ತಿದ್ದ ಕೆಲಸ. ಈಗಿನ ಆರು ವರ್ಷದ ಮಗುವಿಗೆ ನಾಳೆ ನೆನಪಿಡೋಕೆ ಹೊಸ ಗೆರೆ ಯಾರು ಬಿಡಿಸ್ತಾರೆ?

ಮುಂದಿನ ಸರದಿ 'ಮೊಆನಾ'ದ್ದು, 2026ರ ಜುಲೈಗೆ ಅಂತ ಘೋಷಿಸಿರೋದು. ಕಾರ್ಟೂನ್ ಬಂದದ್ದು 2016ರಲ್ಲಿ, ಹತ್ತೇ ವರ್ಷದ ಹಿಂದೆ. ಮಾವಿ ಪಾತ್ರಕ್ಕೆ ಆಗ ದನಿ ಕೊಟ್ಟ ಡ್ವೇಯ್ನ್ ಜಾನ್ಸನ್ ಈಗ ತಾವೇ ಮಾವಿ. ಆ ಕಾರ್ಟೂನ್ ಪೂರ್ತಿ ಕಂಪ್ಯೂಟರಿನದ್ದು, ಆದರೆ ಮಾವಿಯ ಮೈಮೇಲಿನ ಹಚ್ಚೆಗಳು ಮಾತ್ರ ಕೈಯಲ್ಲಿ ಬಿಡಿಸಿದವು. ಅದರಲ್ಲೊಬ್ಬ ಪುಟಾಣಿ ಮಾವಿ ಇದ್ದಾನೆ. ಎದೆ ಮೇಲೆ ಓಡಾಡ್ತಾನೆ, ದೊಡ್ಡ ಮಾವಿ ಸುಳ್ಳು ಹೇಳಿದರೆ ಮೂತಿ ತಿರುಗಿಸ್ತಾನೆ. ಒಂದು ಮಾತೂ ಆಡದೆ ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಮಾತಾಡೋನು ಅವನೇ. ಸಿನಿಮಾಕ್ಕೆ ಹೋದಾಗ ನಾವು ಮೊದಲು ಹುಡುಕೋದು ಜಾನ್ಸನ್ ಅವರ ಮುಖವನ್ನಲ್ಲ, ಎದೆ ಮೇಲಿನ ಆ ಪುಟಾಣಿಯನ್ನ.